ಹೇಸಿಗೆಯ ಹುಟ್ಟು, ಮೈಲಿಗೆಯ ಬೇರು
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಾನು ವಚನ ಸಾಹಿತ್ಯದ ಪಂಡಿತನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ನೌಕರಿಯಲ್ಲಿ ಊರೂರಿಗೆ ಕುಡಿಯುವ ನೀರಿನ ಪೈಪು ಹಾಕಿಸಿದವನು. ನಿವೃತ್ತಿಯಾದ ಮೇಲೆ ಓದಲು ಬಿಡುವು ಸಿಕ್ಕಿತು. ಮನುಷ್ಯನ ಮನಸ್ಸನ್ನು ಜೀವವಿಕಾಸದ ಕಣ್ಣಿನಿಂದ ನೋಡುವ ಒಂದು ಶಾಸ್ತ್ರವಿದೆ, ಅದಕ್ಕೆ ವಿಕಾಸ ಮನೋವಿಜ್ಞಾನ ಎನ್ನುತ್ತಾರೆ. ಅದರಲ್ಲಿ ಇವತ್ತು ಒಂದೇ ಒಂದು ವಿಷಯ ತೆಗೆದುಕೊಂಡಿದ್ದೇನೆ. ಹೇಸಿಗೆ. ಪ್ರಸಾದದ ಹೊತ್ತು ಹತ್ತಿರ ಬಂದಾಗ ಇದೆಂಥ ಮಾತು ಎಂದು ಮುಖ ಸಿಂಡರಿಸಬೇಡಿ. ಸಿಂಡರಿಸಿದರೂ ಅಡ್ಡಿಯಿಲ್ಲ, ಆ ಸಿಂಡರಿಸುವ ಮುಖದ ಬಗ್ಗೆಯೇ ನಾನು ಮಾತಾಡಬೇಕಾಗಿದೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಜಿನ್ ಮತ್ತು ಅವರ ಸಂಗಡಿಗರು 1986ರಲ್ಲಿ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಒಂದು ಲೋಟದಲ್ಲಿ ಹಣ್ಣಿನ ರಸ. ಅದರಲ್ಲಿ ಸತ್ತ ಜಿರಲೆಯೊಂದನ್ನು ಅದ್ದಿ ತೆಗೆದರು. ಆ ಜಿರಲೆಯನ್ನು ಮೊದಲೇ ಕ್ರಿಮಿಶುದ್ಧ ಮಾಡಿದ್ದರು, ಹಾಗೆಂದು ಎದುರಿದ್ದವರಿಗೆ ಹೇಳಿಯೂ ಇದ್ದರು. ಆದರೂ ಆ ರಸ ಬಹಳ ಜನಕ್ಕೆ ಬೇಡವಾಯಿತು. ಹೋಗಲಿ, ಜಿರಲೆ ಎಂದರೆ ಯಾರಿಗೂ ಅಸಹ್ಯವೇ. ಇನ್ನೊಂದು ಪ್ರಯೋಗ ನೋಡಿ. ಎರಡು ಖಾಲಿ ಬಾಟಲಿ ಇಟ್ಟು, ಕಣ್ಣೆದುರೇ ಸಕ್ಕರೆ ಪೊಟ್ಟಣ ಒಡೆದು ಎರಡಕ್ಕೂ ತುಂಬಿದರು. ಆಮೇಲೆ ಎರಡು ಚೀಟಿ ಕೊಟ್ಟರು. ಒಂದರಲ್ಲಿ ‘ಸಕ್ಕರೆ’ ಎಂದಿತ್ತು, ಇನ್ನೊಂದರಲ್ಲಿ ವಿಷದ ಹೆಸರು, ‘ಸೋಡಿಯಂ ಸೈನೈಡ್’ ಎಂದಿತ್ತು. ಯಾವುದನ್ನು ಯಾವುದಕ್ಕೆ ಬೇಕೋ ನೀವೇ ಅಂಟಿಸಿ ಎಂದರು. ಅಂಟಿಸಿದ್ದು ಅವರೇ, ಒಳಗಿರುವುದು ಸಕ್ಕರೆ ಎಂದು ಗೊತ್ತಿದ್ದವರೂ ಅವರೇ. ಆದರೂ ವಿಷದ ಚೀಟಿಯ ಬಾಟಲಿಯಿಂದ ಮಾಡಿದ ಸಕ್ಕರೆ ನೀರು ಕುಡಿಯಲು ಹಿಂಜರಿದರು. ಅದೇ ರೀತಿ, ತಮಗಾಗದ ವ್ಯಕ್ತಿ ತೊಟ್ಟಿದ್ದ ಅಂಗಿಯನ್ನು ಒಗೆದು ಶುಭ್ರ ಮಾಡಿದ್ದರೂ ತೊಡಲು ಮನಸ್ಸು ಬರುವುದಿಲ್ಲ ಎಂದು ಜನ ಹೇಳಿದರು. ಅಂಗಿಯಲ್ಲಿ ರೋಗಾಣುವಿಲ್ಲ, ಬೆವರಿಲ್ಲ. ಮತ್ತೆ ಏನಿದೆ?

ಇದರ ಮೂಲ ಎಲ್ಲಿ ಎಂದು ಹುಡುಕಿದವರಲ್ಲಿ ಲಂಡನ್ನಿನ ವ್ಯಾಲರಿ ಕರ್ಟಿಸ್ ಒಬ್ಬರು. ಬಿಬಿಸಿಯ ಮೂಲಕ ಸುಮಾರು 40,000 ಜನರಿಗೆ ಚಿತ್ರಗಳನ್ನು ತೋರಿಸಿ ಅವರು ನಡೆಸಿದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಕೀವು, ಹುಳು, ಮಲದಂತೆ ಕಾಣುವ ಲೋಳೆ, ಜ್ವರ ಬಂದ ಮುಖ, ಹೀಗೆ ರೋಗ ಅಂಟಿಸಬಹುದಾದ ವಸ್ತುಗಳ ಚಿತ್ರಕ್ಕೇ ಜನ ಹೆಚ್ಚು ಹೇಸಿದರು. ಸೂಕ್ಷ್ಮದರ್ಶಕ ಹುಟ್ಟುವ ಲಕ್ಷಾಂತರ ವರ್ಷ ಮೊದಲು ರೋಗದಿಂದ ದೂರವಿರಲು ನಮ್ಮ ಪೂರ್ವಜರಿಗಿದ್ದ ಒಂದು ಸಾಧನ ಇದು. ಕೊಳೆತ ಮಾಂಸಕ್ಕೆ ಹೇಸಿದವರು ಬದುಕಿದರು, ನಾವು ಅವರ ಮಕ್ಕಳು.

ಆದರೆ ಈ ಸಾಧನ ಬಹಳ ಒರಟು. ರ‍್ಯಾಂಡಾಲ್ಫ್ ನೆಸ್ಸಿ ಎಂಬ ವೈದ್ಯರು ಇಂಥ ರಕ್ಷಣೆಗಳನ್ನು ಹೊಗೆ ಕಂಡರೆ ಕೂಗುವ ಗಂಟೆಗೆ ಹೋಲಿಸಿದ್ದಾರೆ. ಒಗ್ಗರಣೆ ಹೊಗೆಗೂ ಅದು ಕೂಗುತ್ತದೆ. ಹತ್ತು ಸಲ ಸುಳ್ಳು ಕೂಗಿದರೆ ಕಿರಿಕಿರಿ ಅಷ್ಟೇ, ಒಂದು ಸಲ ನಿಜವಾದ ಬೆಂಕಿಗೆ ಸುಮ್ಮನಿದ್ದರೆ ಮನೆಯೇ ಹೋಯಿತು. ಆದ್ದರಿಂದ ಅದನ್ನು ಜಾಸ್ತಿ ಕೂಗುವಂತೆಯೇ ಮಾಡಿರುತ್ತಾರೆ. ನಾವು ಇಂಜಿನಿಯರುಗಳು ಸೇತುವೆಗೆ ಬೇಕಾದ್ದಕ್ಕಿಂತ ಹೆಚ್ಚು ಕಬ್ಬಿಣ ಹಾಕುವುದೂ ಇದೇ ಲೆಕ್ಕದಲ್ಲಿ.

ಇಷ್ಟಾಗಿಯೂ ಅದು ನಿಜವಾದ ಬೆಂಕಿಗೆ ಎಷ್ಟೋ ಸಲ ಕೂಗುವುದಿಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯ ಕೈಪಂಪಿನ ಸುತ್ತಮುತ್ತ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ಡಾಕ್ಟರ್ ಜಾನ್ ಸ್ನೋ ಲೆಕ್ಕ ಹಾಕುತ್ತ ಹೋದಾಗ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಸತ್ತದ್ದು ಕಂಡಿತು. ವಿಚಾರಿಸಿದರೆ, ಆ ಪಂಪಿನ ನೀರಿನ ರುಚಿ ಇಷ್ಟವೆಂದು ಆಕೆ ಅದನ್ನು ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದಳು. ಅಂದರೆ ಕೊಲ್ಲುವ ನೀರು ನಾಲಿಗೆಗೆ ಸಿಹಿ. ನಮ್ಮಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಕೂಡ ಹಾಗೆಯೇ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲು, ಮೂಳೆ ಕೆಡುತ್ತವೆ. ಆದರೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಯಾರೂ ಹೇಸುವುದಿಲ್ಲ.

ಹಾಗಾದರೆ ನಾವು ಹೇಸುವುದು ಯಾವುದಕ್ಕೆ? ನನ್ನ ನೌಕರಿಯಲ್ಲಿ ಕಂಡದ್ದೊಂದನ್ನು ಹೇಳುತ್ತೇನೆ, ಊರಿನ ಹೆಸರು ಬೇಡ. ಒಂದೇ ಓವರ್‌ಹೆಡ್ ಟ್ಯಾಂಕು, ಅದರಿಂದ ಮೇಲಿನ ಓಣಿಗೆ ಒಂದು ಪೈಪು, ದಲಿತರ ಕೇರಿಗೆ ಒಂದು ಪೈಪು. ಬೇಸಿಗೆಯಲ್ಲಿ ಮೇಲಿನ ಓಣಿಯ ವಾಲ್ವ್ ಕೆಟ್ಟು ಮೂರು ದಿನ ನೀರು ನಿಂತಿತು. ಕೇರಿಯ ನಲ್ಲಿಯಲ್ಲಿ ನೀರು ಧಾರಾಳವಾಗಿತ್ತು, ತುಂಬಿಕೊಳ್ಳಿರಿ ಎಂದು ಆ ಜನ ಕರೆದರು ಕೂಡ. ಯಾರೂ ಹೋಗಲಿಲ್ಲ. ಎರಡು ಕಿಲೋಮೀಟರ್ ನಡೆದು ಹೊಲದ ತೆರೆದ ಬಾವಿಯಿಂದ ಹೊತ್ತು ತಂದರು. ನಾನು ಎರಡೂ ನೀರನ್ನು ಅವರ ಎದುರೇ ಪರೀಕ್ಷೆ ಮಾಡಿದೆ. ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು ಎಂಬುದು ನಿಯಮ, ಔಷಧಿ ಹಾಕಿದೊಡನೆ ಚೆನ್ನಾಗಿ ಹಳದಿ ಬಣ್ಣ ಬಂತು. ಬಾವಿಯ ನೀರಿಗೆ ಬಣ್ಣವೇ ಬರಲಿಲ್ಲ. ಹಿರಿಯರೊಬ್ಬರು ಎಲ್ಲ ನೋಡಿ, “ಸಾಹೇಬ್ರ, ನೀರು ಶುದ್ಧ ಐತಿ, ನಾವ್ಯಾರೂ ಇಲ್ಲ ಅನ್ನಂಗಿಲ್ಲ. ಆದರ ಮನಸ್ಸು ಒಪ್ಪಂಗಿಲ್ರಿ” ಎಂದರು. ಆ ಗುಂಪಿನಲ್ಲಿ ಹಣೆಗೆ ವಿಭೂತಿ ಧರಿಸಿದವರೂ ಇದ್ದರು ಎಂಬುದನ್ನು ಈ ಸಭೆಯಲ್ಲಿ ಮುಚ್ಚಿಡುವುದು ಸರಿಯಲ್ಲ.

ವರ್ಷಗಳಾದ ಮೇಲೆ ರೋಜಿನ್ನರ ಪ್ರಯೋಗ ಓದಿದಾಗ ನನಗೆ ಆ ಹಿರಿಯರ ಮಾತು ಕಿವಿಯಲ್ಲಿ ಕೇಳಿತು. ಸಕ್ಕರೆ ಬಾಟಲಿಗೆ ವಿಷದ ಚೀಟಿ ಅಂಟಿಸಿದವರೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು. ಚೀಟಿ ಅಂಟಿಸಿದವರು ನಾವೇ, ಒಳಗಿರುವುದು ಸಕ್ಕರೆ ಎಂಬುದೂ ನಮಗೆ ಗೊತ್ತು.

ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ಅಲ್ಲಗಳೆದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ. ಈ ಪಟ್ಟಿಯನ್ನು ಈಗಿನ ಮನೋವಿಜ್ಞಾನಿಗೆ ಕೊಟ್ಟು ನೋಡಿ. ಮೊದಲಿನ ನಾಲ್ಕು ಹೇಸಿಗೆಯ ಗಂಟೆ ಕೂಗುವ ಜಾಗಗಳೇ. ರಕ್ತ, ಶವ, ಉಗುಳು. ಐದನೆಯದರಲ್ಲಿ ಮಾತ್ರ ಮೈಯಿಂದ ಹೊರಬಂದ ವಸ್ತು ಯಾವುದೂ ಇಲ್ಲ. ಅಲ್ಲಿ ಇರುವುದು ಬರೀ ಚೀಟಿ. ಉಳಿದ ನಾಲ್ಕರ ಪಕ್ಕದಲ್ಲಿ ಅದನ್ನು ಕೂರಿಸಿ, ಆ ಹೇಸಿಗೆಯನ್ನು ಇದಕ್ಕೂ ಬಳಿದರು. ಶರಣರು ಐದನ್ನೂ ಒಂದೇ ಉಸಿರಿನಲ್ಲಿ ತಳ್ಳಿಹಾಕಿದ್ದರ ಜಾಣತನ ನನಗೆ ಅರ್ಥವಾದದ್ದು ಆಗ. ಒಂದನ್ನು ಉಳಿಸಿಕೊಂಡರೆ ಉಳಿದವು ಅದರ ಬೆನ್ನು ಹತ್ತಿ ಮನೆಯೊಳಗೆ ಬರುತ್ತವೆ.

ಇಲ್ಲಿ ಒಂದು ಅಪಾಯವಿದೆ. ‘ನೋಡಿದಿರಾ, ವಿಜ್ಞಾನವೇ ಹೇಳುತ್ತದೆ, ಮೈಲಿಗೆ ಎಂಬುದು ಹುಟ್ಟುಗುಣ, ಹಾಗಾದರೆ ಜಾತಿಯೂ ಸಹಜ’ ಎಂದು ವಾದಿಸುವವರು ನಾಳೆಯೇ ಎದ್ದು ನಿಲ್ಲುತ್ತಾರೆ. ವಿಕಾಸ ಮನೋವಿಜ್ಞಾನದಲ್ಲಿ ಅಳತೆಗೆ ಸಿಗದ ಕಟ್ಟುಕತೆಗಳೂ ಬೇಕಾದಷ್ಟಿವೆ, ಶಿಲಾಯುಗದ ಹೆಸರಿನಲ್ಲಿ ಏನನ್ನು ಬೇಕಾದರೂ ಸಮರ್ಥಿಸಬಹುದು. ಅವರಿಗೆ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಮತ್ತು ಅಮೆರಿಕದ ಹಾರ್ವರ್ಡ್‌ನ ವಿಜ್ಞಾನಿಗಳು ಸೇರಿ 2013ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನವನ್ನು ತೋರಿಸಬೇಕು. ಸುಮಾರು 4,200 ವರ್ಷಗಳ ಹಿಂದಿನಿಂದ 1,900 ವರ್ಷಗಳ ಹಿಂದಿನವರೆಗೆ ಈ ದೇಶದ ಜನ ಧಾರಾಳವಾಗಿ ಬೆರೆತರು. ಆ ಬೆರಕೆಯ ಗುರುತು ಅವರು ಪರೀಕ್ಷಿಸಿದ ಹೆಚ್ಚುಕಡಿಮೆ ಎಲ್ಲ ಗುಂಪುಗಳಲ್ಲೂ ಸಿಕ್ಕಿತು. ಜಾತಿಯೊಳಗೇ ಹೆಣ್ಣು ಕೊಟ್ಟು ತರುವುದು ಬಿಗಿಯಾದದ್ದು ಆಮೇಲೆ. ಹೇಸಿಗೆಗೆ ಲಕ್ಷಾಂತರ ವರ್ಷ, ಜಾತಿಗೆ ಎರಡು ಸಾವಿರ ವರ್ಷ. ಗಂಟೆ ಹಳೆಯದು, ಅದನ್ನು ಯಾರನ್ನು ಕಂಡರೆ ಬಾರಿಸಬೇಕು ಎಂಬ ಪಾಠ ಹೊಸದು.

ಪಾಠ ಬದಲಾದರೆ ಗಂಟೆಯ ಸದ್ದೂ ಇಳಿಯುತ್ತದೆಯೇ? ಇಳಿಯುತ್ತದೆ. ತಾಯಂದಿರು ಇಲ್ಲಿದ್ದಾರೆ, ಅವರಿಗೆ ಇದು ಹೊಸದಲ್ಲ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ತಾಯಂದಿರಿಗೆ ಮಕ್ಕಳ ಹೊಲಸಾದ ಡೈಪರುಗಳ ವಾಸನೆ ತೋರಿಸಿದರು. ಯಾವುದು ಯಾರದೆಂದು ತಿಳಿಸದಿದ್ದಾಗಲೂ ತಮ್ಮ ಮಗುವಿನದು ಅವರಿಗೆ ಕಡಿಮೆ ಹೇಸಿಗೆ ತಂದಿತು. ಹೊಟ್ಟೆಯಲ್ಲಿ ಹುಟ್ಟಿದ್ದಕ್ಕಾಯಿತು, ಪರರದಕ್ಕೆ? ಬ್ರಿಟನ್ನಿನ ಕೆಲವು ಸಂಶೋಧಕರು 2016ರಲ್ಲಿ ವಿದ್ಯಾರ್ಥಿಗಳ ಕೈಗೆ ಬೆವರು ನಾರುವ ಟೀ ಶರ್ಟ್ ಕೊಟ್ಟರು. ಅದರ ಮೇಲೆ ಬೇರೊಂದು ವಿಶ್ವವಿದ್ಯಾಲಯದ ಮುದ್ರೆ. ‘ನೀನು ಈ ವಿಶ್ವವಿದ್ಯಾಲಯದವನು’ ಎಂದು ನೆನಪಿಸಿದಾಗ ಆ ಅಂಗಿ ಹೆಚ್ಚು ಹೇಸಿಗೆ ತಂದಿತು. ‘ನೀನೊಬ್ಬ ವಿದ್ಯಾರ್ಥಿ’ ಎಂದು ಮಾತ್ರ ನೆನಪಿಸಿದಾಗ ಹೇಸಿಗೆ ಇಳಿಯಿತು. ಅಂಗಿ ಅದೇ, ಬೆವರು ಅದೇ. ಇವನಾರವ ಎಂಬ ಪ್ರಶ್ನೆಗೆ ಮನಸ್ಸು ಕೊಟ್ಟುಕೊಂಡ ಉತ್ತರ ಬೇರೆ.

ಇಷ್ಟಲಿಂಗ ಅಂಥದೊಂದು ಉತ್ತರವಾಗಿತ್ತು. ಸಮಗಾರನ ಕೊರಳಲ್ಲೂ ಮಂತ್ರಿಯ ಕೊರಳಲ್ಲೂ ಒಂದೇ ಕುರುಹು ಇತ್ತು. ಹರಳಯ್ಯ, ಮಧುವರಸರ ಮಕ್ಕಳ ಮದುವೆಗೆ ಕಲ್ಯಾಣ ಎಂಥ ಬೆಲೆ ತೆತ್ತಿತೆಂದು ನಾವೆಲ್ಲ ಕೇಳಿ ಬೆಳೆದವರು. ಈಗ ನಮ್ಮ ವಧುವರರ ಸಮಾವೇಶಗಳ ಅರ್ಜಿಯಲ್ಲಿ ‘ಒಳಪಂಗಡ’ ಎಂಬ ಕಾಲಂ ಇದೆ. ಅದು ತುಂಬದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಆ ಕಾಲಂ ಕೂಡ ಒಂದು ಚೀಟಿ. ಅದನ್ನು ಅಚ್ಚು ಹಾಕಿಸಿದವರು ಹೊರಗಿನವರೇನಲ್ಲ. ಮುಂದಿನ ಸಮಾವೇಶದ ಅರ್ಜಿಯಿಂದ ಅದನ್ನು ತೆಗೆಯಬೇಕು ಎಂದು ಪೂಜ್ಯರ ಎದುರಿಗೇ ನಾನು ಸೂಚಿಸುತ್ತಿದ್ದೇನೆ. ಇದಕ್ಕೆ ಹಣ ಬೇಕಿಲ್ಲ, ಸರ್ಕಾರದ ಮಂಜೂರಾತಿಯೂ ಬೇಕಿಲ್ಲ.

ರಜಸ್ಸಿನ ಮಾತು ಉಳಿಯಿತು. ಮುಟ್ಟಾದ ದಿನಗಳಲ್ಲಿ ಲಿಂಗಪೂಜೆ ಬಿಡುವ ಮನೆಗಳು ನಮ್ಮಲ್ಲೇ ಇವೆ, ನೀರಿನ ಕೊಡ ಮುಟ್ಟಗೊಡದ ಮನೆಗಳೂ ಇವೆ. ಅದರ ಬಗ್ಗೆ ಗಂಡಸಾದ ನಾನು ಅರ್ಧ ತಾಸು ಭಾಷಣ ಮಾಡುವುದಕ್ಕಿಂತ, ಇಲ್ಲಿ ಕುಳಿತಿರುವ ಅಕ್ಕಂದಿರು ತಮ್ಮ ಮನೆಯಲ್ಲಿ ಏನು ನಡೆಯುತ್ತದೆ, ಏನು ನಿಂತಿದೆ ಎಂದು ಹೇಳಿದರೆ ನಾವು ಕುಳಿತು ಕೇಳೋಣ. ಮೈಕನ್ನು ಅವರ ಕಡೆಗೆ ಕಳಿಸುತ್ತಿದ್ದೇನೆ.