ಗೋಡೆಯೂ ಕಾವಲೂ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾವು ತೇನಿ ಜಿಲ್ಲೆಯ ಕಂಬಂ ಕಣಿವೆಯಿಂದ ಬಂದವರು. ನಮ್ಮ ಮನೆಗಳಲ್ಲಿ ಕನ್ನಡ ಆಡುನುಡಿಯಾಗಿ ಉಳಿದಿದೆ; ಅದರ ಅಕ್ಷರ ಕಲಿಸುವ ಶಾಲೆ ಮಾತ್ರ ನಮಗೆ ದೂರ. ಆದುದರಿಂದ ಶಾಲೆಯೊಂದನ್ನು ಕಾಯುವುದು ಹೇಗೆಂಬ ಪ್ರಶ್ನೆ ನಮಗೆ ಪರಕೀಯವಲ್ಲ. ಇಲ್ಲಿಯ ಆವರಣದ ಗೋಡೆಯನ್ನು ಎತ್ತರಿಸುವ ಪ್ರಸ್ತಾಪವಿದೆಯೆಂದು ಕೇಳಿದೆವು. ಭಯೋತ್ಪಾದಕರನ್ನು ಗೋಡೆ ತಡೆದೀತೇ?

ನಮ್ಮ ನೆರೆಯ ದಿಂಡಿಗಲ್ಲಿನ ಬಂಡೆಯ ಮೇಲೆ ಒಂದು ಕೋಟೆಯಿದೆ. ಮಧುರೆಯ ನಾಯಕರು ಕಟ್ಟಿದ ಅದನ್ನು 1755ರಲ್ಲಿ ಹೈದರಾಲಿ ವಹಿಸಿಕೊಂಡು ಬಲಪಡಿಸಿದ. 1790ರಲ್ಲಿ ಬ್ರಿಟಿಷರ ಮುನ್ನುಗ್ಗುವಿಕೆಯನ್ನು ಆ ಕೋಟೆ ಹಿಮ್ಮೆಟ್ಟಿಸಿತು; ಆದರೂ ಒಳಗಿನ ದಳ ಬೇಗನೆ ಶರಣಾಯಿತು. ಕಲ್ಲು ಸೋಲಲಿಲ್ಲ, ಮನುಷ್ಯರು ಸೋತರು.

ತಡೆ ನಿರರ್ಥಕವೆಂದು ಇದರ ಅರ್ಥವಲ್ಲ. ಅದು ಸ್ಫೋಟಕ ತುಂಬಿದ ವಾಹನವನ್ನು ಜನಸಂದಣಿಯಿಂದ ದೂರ ನಿಲ್ಲಿಸುತ್ತದೆ. ಕಾವಲಿನವರಿಗೆ ಕೆಲವು ಕ್ಷಣಗಳನ್ನು ಗಳಿಸಿಕೊಡುತ್ತದೆ. ಆದರೆ ಒಂದೆಡೆ ತಡೆದ ಕೇಡು ಇನ್ನೊಂದೆಡೆಗೆ ಹರಿಯಬಹುದು. 1998ರ ಫೆಬ್ರವರಿ 14ರಂದು ಕೊಯಮತ್ತೂರಿನ ಹಲವು ಕಡೆ ಬಾಂಬುಗಳು ಸಿಡಿದು 58 ಜನ ಸತ್ತರು. ಇಡೀ ಊರಿಗೆ ಬೇಲಿ ಹಾಕಲು ಯಾರಿಂದ ಸಾಧ್ಯ? 2014ರ ಡಿಸೆಂಬರ್ 16ರಂದು ಪೇಶಾವರದಲ್ಲಿ ಸೇನೆ ನಡೆಸುವ ಶಾಲೆಗೂ ಗೋಡೆಯಿತ್ತು. ಹಂತಕರು ಹಿಂಬದಿಯಿಂದ ಅದನ್ನು ಹತ್ತಿ ಬಂದರು. ನೂರ ಮೂವತ್ತಕ್ಕೂ ಹೆಚ್ಚು ಮಕ್ಕಳು ಬಲಿಯಾದರು.

ಇದಕ್ಕೆ ಎದುರಾದ ನಿದರ್ಶನ ನಮ್ಮ ಮಂಗಳೂರಿನದು. 2020ರ ಜನವರಿ 20ರಂದು ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಚೀಲವೊಂದು ಭದ್ರತಾ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಜನರನ್ನು ದೂರ ಸರಿಸಿ, ಸ್ಫೋಟಕವನ್ನು ಬಯಲಿಗೆ ಒಯ್ದು ಸಿಡಿಸಿದರು. ಯಾರಿಗೂ ಗಾಯವಾಗಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಗೋಡೆಯಲ್ಲ, ಗಮನ.

ತಡೆಗೆ ಬೆಲೆಯೂ ಉಂಟು. 2011ರ ಡಿಸೆಂಬರಿನಲ್ಲಿ ಮುಲ್ಲಪೆರಿಯಾರ್ ವಿವಾದ ಕಾವೇರಿದಾಗ ಕುಮಳಿ ಗಡಿಯಲ್ಲಿ ಸಂಚಾರ ನಿಂತಿತು. ಏಲಕ್ಕಿ ತೋಟಗಳಿಗೆ ದಿನವೂ ಘಟ್ಟ ಹತ್ತುವ ನಮ್ಮ ಕಣಿವೆಯ ಕೂಲಿಕಾರರಿಗೆ ಮುಚ್ಚಿದ ದಾರಿಯೆಂದರೆ ಹೊತ್ತದ ಒಲೆ. ನೆರೆಯವರನ್ನು ಅನ್ಯರಾಗಿಸುವ ತಡೆ ನಮ್ಮ ಕಣ್ಣುಗಳನ್ನೇ ಕಳೆಯುತ್ತದೆ. ಏಕೆಂದರೆ ಅಪರಿಚಿತನನ್ನು ಮೊದಲು ಗುರುತಿಸುವವರು ಬೀದಿಯ ಅಂಗಡಿಯವರು, ನೆರೆಮನೆಯವರು.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಗೋಡೆ ಬೇಕಾದಷ್ಟು ಇರಲಿ. ಆದರೆ ಇರುವ ಹಣವೆಲ್ಲ ಕಲ್ಲಿಗೇ ಹೋಗದಿರಲಿ. ಬಾಗಿಲಲ್ಲಿ ಮಕ್ಕಳ ಹೆಸರು ಬಲ್ಲ ಒಬ್ಬರಿರಲಿ. ಹಿಂಬದಿಯ ಮೂಲೆಯನ್ನು ದಿನವೂ ಯಾರಾದರೂ ನೋಡಲಿ. ಆಪತ್ತಿನಲ್ಲಿ ಹೊರಬರಲು ಎರಡನೆಯ ದಾರಿಯಿರಲಿ. ಆ ದಾರಿಯನ್ನು ಮಕ್ಕಳು ಮೊದಲೇ ನಡೆದು ಕಲಿತಿರಲಿ. ನೂರು ವರ್ಷ ಈ ಶಾಲೆಯನ್ನು ಕಾಯ್ದದ್ದು ಊರು; ಮುಂದಿನ ನೂರಕ್ಕೂ ಊರು ಗೋಡೆಯ ಹೊರಗೆ ಉಳಿಯದಿರಲಿ.