ಬೇಸರಗೊಂಡ ಮಾಸ್ತರಿಗೊಂದು ಕಾಗದ

ಕ್ರೈಸ್ತ ಪರಂಪರೆಯಲ್ಲಿ ಪಾಠ ಹೇಳುವ ಕಲೆ ಎಂಬ ವಿಷಯ ಹಿಡಿದು ಚಿತ್ತಾಪುರದಲ್ಲಿ ಮಾತಾಡುವವನು ಮಗ್ಗುಲಲ್ಲೇ ಇರುವ ನಾಗಾವಿಯನ್ನು ಬಿಟ್ಟು ಮುಂದೆ ಹೋಗಲಾರ. ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಅಲ್ಲಿ ನಡೆಸಿದ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದ ವಿವರ 1058ರ ಶಾಸನದಲ್ಲಿದೆ. ವೇದ ಓದುವ ವಿದ್ಯಾರ್ಥಿಗಳೇ 200. ಗ್ರಂಥಗಳನ್ನು ನೋಡಿಕೊಳ್ಳಲು 6 ಮಂದಿ ಸರಸ್ವತೀ ಭಂಡಾರಿಗರು. ಯಾರಿಗೆಷ್ಟು ಭೂಮಿ ಎಂಬುದನ್ನೂ ಕಲ್ಲು ಹೇಳುತ್ತದೆ. ಆದರೆ ಹೇಳಿದ್ದನ್ನೇ ಹೇಳಿ ಬೇಸತ್ತ ಉಪಾಧ್ಯಾಯ ಏನು ಮಾಡಬೇಕು ಅನ್ನುವುದನ್ನು ಯಾವ ದಂಡನಾಯಕನೂ ಕೆತ್ತಿಸುವುದಿಲ್ಲ ಬಿಡಿ.

ಅದನ್ನು ಬರೆದವನು ಅಗಸ್ಟಿನ್. ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್. ಅದಕ್ಕೂ ಮೊದಲು ಕಾರ್ಥೇಜ್, ರೋಮ್, ಮಿಲಾನ್‌ಗಳಲ್ಲಿ ವಾಗ್ಮಿತೆ ಕಲಿಸಿ ಹೊಟ್ಟೆ ಹೊರೆದ ಮಾಸ್ತರ. ಸಣ್ಣವನಿದ್ದಾಗ ಶಾಲೆಯಲ್ಲಿ ಏಟು ತಿಂದು ಗ್ರೀಕ್ ಭಾಷೆಯನ್ನೇ ದ್ವೇಷಿಸಿದವನು. ಕ್ರಿ.ಶ. 400ರ ಸುಮಾರಿಗೆ ಕಾರ್ಥೇಜ್‌ನ ದೇವೊಗ್ರಾತಿಯಸ್ ಎಂಬ ಡೀಕನ್ ಅವನ ಮುಂದೆ ಗೋಳು ತೋಡಿಕೊಂಡ. ಧರ್ಮಕ್ಕೆ ಹೊಸದಾಗಿ ಬರುವವರಿಗೆ ಮೊದಲ ಪಾಠ ಹೇಳುವ ಕೆಲಸ ಅವನದು. ನನ್ನ ಮಾತು ಉದ್ದವಾಗುತ್ತದೆ, ಸಪ್ಪೆಯಾಗುತ್ತದೆ, ನನಗೇ ರುಚಿಸುವುದಿಲ್ಲ ಎಂದ. ಉತ್ತರವಾಗಿ ಬಂದದ್ದು ಒಂದು ಪುಸ್ತಕದಷ್ಟಿರುವ ಕಾಗದ.

ನನ್ನ ಮಾತು ನನಗೂ ತೃಪ್ತಿ ಕೊಡುವುದಿಲ್ಲ ಎಂದೇ ಅಗಸ್ಟಿನ್ ಶುರು ಮಾಡುತ್ತಾನೆ. ಪಾಠದ ಸರಕಿಗಿಂತ ಪಾಠ ಹೇಳುವವನ ಉಲ್ಲಾಸದ ಮೇಲೆ ಅವನ ಕಣ್ಣು. ದಿನಾ ನೋಡಿ ಸಾಕಾದ ಊರನ್ನು ಹೊರಗಿನವರಿಗೆ ತೋರಿಸುವಾಗ ಅದು ನಮಗೂ ಹೊಸದಾಗುವುದಿಲ್ಲವೇ ಎಂದು ಕೇಳುತ್ತಾನೆ. ನೀವೇ ನೋಡಿರಿ: ಮಳಖೇಡದವರು ತಮ್ಮ ಕೋಟೆಯತ್ತ ಕತ್ತೆತ್ತಿ ನೋಡುವುದೇ ಬೀಗರು ಬಂದಾಗ! ಕೇಳುವವನ ಮೇಲೆ ಪ್ರೀತಿಯಿದ್ದರೆ ಅವನ ಬೆರಗು ನಮಗೂ ಹತ್ತುತ್ತದೆ ಎಂಬುದು ಅವನ ವಾದ.

ಇನ್ನೊಂದು ಮಾತು ಬಲು ಸಣ್ಣದು, ನನಗೆ ಬಲು ಇಷ್ಟದ್ದು. ಅವನ ಸೀಮೆಯ ಚರ್ಚುಗಳಲ್ಲಿ ಜನ ನಿಂತೇ ಕೇಳುವ ರೂಢಿ. ಆಕಳಿಸಲು ಶುರು ಮಾಡಿದವನನ್ನು ಗದರಿಸಬೇಡ, ಕುರ್ಚಿ ಕೊಡು ಎನ್ನುತ್ತಾನೆ. ಮೊದಲಿಂದಲೇ ಕೂಡಿಸಿದ್ದರೆ ಇನ್ನೂ ಚಲೋ. ನಮ್ಮ ಶಹಾಬಾದದ ಫರ್ಸಿ ಎಷ್ಟು ತಂಪಿದ್ದರೂ ಗಂಟೆಗಟ್ಟಲೆ ಅದರ ಮೇಲೆ ಕೂತ ಹುಡುಗರ ಮಂಡಿ ಏನಾಗುತ್ತದೆ ಎಂದು ಪಠ್ಯಕ್ರಮ ಬರೆಯುವವರು ಕೇಳಿದ್ದು ಕಡಿಮೆ. ಹಿಂದೆ ನಿಂತವರೇ, ಮುಂದೆ ಜಾಗ ಇದೆ, ಬಂದು ಕೂಡ್ರಿ.

ಓದಿದವನಿಗೆ, ಓದದವನಿಗೆ, ಅಂಜುಬುರುಕನಿಗೆ ಒಂದೇ ಪಾಠ ಒಂದೇ ಬಗೆಯಲ್ಲಿ ಹೇಳಬೇಡ ಎಂದೂ ಬರೆದ. ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮೂರು ಮೆಟ್ಟಿಲು ಯುರೋಪಿನ ಕ್ರೈಸ್ತ ಶಾಲೆಗಳಲ್ಲಿ ಶತಮಾನಗಟ್ಟಲೆ ನಡೆದವು. ಅವು ಒಣಗಿದ್ದು ಈ ಮಾತು ಮರೆತಲ್ಲಿ ಎಂದು ನನ್ನ ಎಣಿಕೆ.

ಕನ್ನಡದಲ್ಲಿ ಈ ಜಾಡು ಹುಡುಕಿದರೆ ನನಗೆ ಕಾಣುವವರು ಫರ್ಡಿನಾಂಡ್ ಕಿಟೆಲ್. ಹೀಬ್ರೂ, ಗ್ರೀಕ್, ಲ್ಯಾಟಿನ್ ಓದಿಕೊಂಡು 1853ರಲ್ಲಿ ಬಾಸೆಲ್ ಮಿಷನ್‌ನಿಂದ ಮಂಗಳೂರಿಗೆ ಬಂದವರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕೇಳುವವರ ಕಿವಿಗೆ ತಕ್ಕಂತೆ ಹೇಳಲು ಮೊದಲು ತಾವೇ ಶಿಷ್ಯರಾಗಿ ಕೂತರು. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆ ಕನ್ನಡದ ಛಂದಸ್ಸಿನಲ್ಲಿದೆ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಅವರ ಸಂಪಾದನೆಯಲ್ಲಿ ಅಚ್ಚಾದವು. 1894ರ ನಿಘಂಟು ನಿಮಗೆಲ್ಲ ಗೊತ್ತೇ ಇದೆ.

ಅಗಸ್ಟಿನ್ ತನ್ನ ಕಾಗದದಲ್ಲಿ ಎರಡು ಮಾದರಿ ಪಾಠಗಳನ್ನೂ ಬರೆದು ತೋರಿಸಿದ್ದಾನೆ. ಒಂದು ಉದ್ದದ್ದು, ಇನ್ನೊಂದು ಹೊತ್ತಿಲ್ಲದವರಿಗೆ ಗಿಡ್ಡದ್ದು. ವಾಡಿಯಲ್ಲಿ ಗಾಡಿ ಹಿಡಿಯುವವರು ಆಗಲೇ ಗಡಿಯಾರ ನೋಡುತ್ತಿದ್ದೀರಿ. ನಾನು ಗಿಡ್ಡದ್ದನ್ನೇ ಆರಿಸಿಕೊಂಡೆ. ಇನ್ನು ನೀವು ಕೇಳ್ರಿ.