ಕ್ಲೌಡ್ ಆರ್ಕಿಟೆಕ್ಟ್: ನಕ್ಷೆ ಹಾಕೋ ಕೆಲಸ ನಮಗೂ ಬರ್ತದ



ಕ್ಲೌಡ್ ಆರ್ಕಿಟೆಕ್ಟ್ ಅಂದ್ರ ಯಾರು, ಹ್ಯಾಂಗ ಆಗಬೇಕು ಅನ್ನೋದು ಇವತ್ತಿನ ನನ್ನ ವಿಷಯ. ನಾನು ಓದುತ್ತಿರುವುದು ಬಿ.ಎ., ಕಂಪ್ಯೂಟರ್ ಸೈನ್ಸ್ ಅಲ್ಲ. ಆದರೂ ಈ ವಿಷಯ ಯಾಕ ಆರಿಸಿಕೊಂಡೆ ಅಂದ್ರ, ಈ ದಾರಿ ಆರ್ಟ್ಸ್ ಓದಿದವರಿಗೂ ತೆರೆದಿದೆ. ಅದು ನಮ್ಮ ಹುಡುಗರಿಗೆ ಗೊತ್ತಿಲ್ಲ. ಗೊತ್ತಿಲ್ಲದವರ ಕಡೆಯಿಂದಲೇ ಶಹರದ ಕ್ಲಾಸಿನವರು ಸಾವಿರಗಟ್ಟಲೆ ಫೀ ತಗೋತಾರ.

ಮೊದಲು ಕ್ಲೌಡ್ ಅಂದ್ರ ಏನು ನೋಡೋಣ. ಹೆಸರು ಮೋಡ, ಆದರ ಆಕಾಶದಾಗ ಏನೂ ಇಲ್ಲ. ನಿಮ್ಮ ಮೊಬೈಲಿನ ಫೋಟೋ ಗೂಗಲ್‌ನಲ್ಲಿ ಉಳಿಯುತ್ತದೆ. ಮಾರ್ಕ್ಸ್ ಕಾರ್ಡನ್ನು ಡಿಜಿಲಾಕರ್‌ನಲ್ಲಿ ತೆಗೆದು ನೋಡುತ್ತೀರಿ. ಇವೆಲ್ಲ ನೆಲದ ಮೇಲಿನ ದೊಡ್ಡ ಕಟ್ಟಡಗಳಲ್ಲಿ, ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತವೆ. ಅವಕ್ಕೆ ಡೇಟಾ ಸೆಂಟರ್ ಅನ್ನುತ್ತಾರೆ. ಹಗಲು ರಾತ್ರಿ ಕರೆಂಟು ಬೇಕು, ಬಿಸಿಯಾಗದಂತೆ ತಂಪು ಗಾಳಿ ಬೇಕು, ಕಾವಲು ಬೇಕು.

ಜೋಳ ಬೀಸಲಿಕ್ಕ ಮನಿಮನಿಗೆ ಯಾರೂ ಗಿರಣಿ ಹಾಕೋದಿಲ್ಲ. ಬುಟ್ಟಿ ತಗೊಂಡು ಹೋಗ್ತೀವಿ, ಬೀಸಿಸ್ತೀವಿ, ಕಿಲೋ ಲೆಕ್ಕದಾಗ ರೊಕ್ಕ ಕೊಡ್ತೀವಿ. ಕ್ಲೌಡ್ ಅಂದ್ರ ಕಂಪ್ಯೂಟರಿನ ಗಿರಣಿ. ಕಂಪನಿಗಳು ಸ್ವಂತ ಯಂತ್ರ ಕೊಳ್ಳದೆ, ಬೇಕಾದಾಗ ಬೇಕಾದಷ್ಟನ್ನು ಬಾಡಿಗೆಗೆ ಪಡೆಯುತ್ತವೆ. ಅಮೆಜಾನ್ ಕಂಪನಿ 2006ರಲ್ಲಿ ಈ ಬಾಡಿಗೆ ವ್ಯವಹಾರ ಶುರು ಮಾಡಿತು. 2010ರಲ್ಲಿ ಮೈಕ್ರೋಸಾಫ್ಟ್‌ನ ಅಜೂರ್ ಬಂತು, ಗೂಗಲ್ಲೂ ಈ ಧಂದೆಯಲ್ಲಿದೆ. ಭಾರತ ಸರಕಾರದ ಕ್ಲೌಡ್ ಯೋಜನೆಗೆ ಮೇಘರಾಜ್ ಅಂತ ಹೆಸರು. ಇದೇನು ಅಮೇರಿಕಾದ ಮಾತಲ್ಲ. 2015ರಿಂದ ಮೈಕ್ರೋಸಾಫ್ಟ್‌ನ ಡೇಟಾ ಸೆಂಟರುಗಳು ಪುಣೆಯಲ್ಲಿವೆ, 2016ರಿಂದ ಅಮೆಜಾನ್‌ನವು ಮುಂಬಯಿಯಲ್ಲಿವೆ, 2022ರಿಂದ ಹೈದರಾಬಾದಿನಲ್ಲೂ ಇವೆ. ಅಕ್ಕಲಕೋಟದಿಂದ ಪುಣೆ, ಹೈದರಾಬಾದ್ ಎಷ್ಟು ದೂರ ಅಂತ ನಿಮಗೇ ಗೊತ್ತದ.

ಇನ್ನು ಆರ್ಕಿಟೆಕ್ಟ್. ಮನಿ ಕಟ್ಟುವಾಗ ಗೌಂಡಿ ಇಟ್ಟಂಗಿ ಇಡ್ತಾನ, ಕೂಲಿಯವರು ಉಸುಕು ಹೊರತಾರ. ಬಾಗಿಲು ಎಲ್ಲಿ, ಖಿಡಕಿ ಎಲ್ಲಿ, ಪಾಯಾ ಎಷ್ಟು ಆಳ ಅಂತ ನಕ್ಷೆ ಹಾಕುವವರು ಬೇರೆ. ನಮ್ಮ ಅಪ್ಪ ಅಜ್ಜಂದಿರು ಎಷ್ಟು ಮನಿ ಕಟ್ಟಿಲ್ಲ, ಎಷ್ಟು ಬಾವಿ ತೋಡಿಲ್ಲ? ನಕ್ಷೆ ಮಾತ್ರ ಇನ್ನೊಬ್ಬರದು. ಬಾವಿ ತೋಡಿದವರಿಗೇ ನೀರು ಕೊಡಬಾರದು ಅನ್ನೋ ನಿಯಮ ಹಾಕಿದವರೂ ಇನ್ನೊಬ್ಬರೇ.

ಕ್ಲೌಡ್ ಆರ್ಕಿಟೆಕ್ಟ್ ಏನು ಮಾಡುತ್ತಾರೆ ಅನ್ನೋದಕ್ಕ ಒಂದು ಉದಾಹರಣೆ ಹೇಳ್ತೀನಿ. ಸ್ಕಾಲರ್‌ಶಿಪ್ ಅರ್ಜಿ ತುಂಬುವ ಒಂದು ವೆಬ್‌ಸೈಟು ಕಟ್ಟಬೇಕು ಅಂತ ಇಟ್ಟುಕೊಳ್ಳಿ. ಶುರುವಿನಲ್ಲಿ ದಿನಕ್ಕೆ 200 ಮಂದಿ ಬರುತ್ತಾರೆ, ಕೊನೆಯ ದಿನ 20,000 ಮಂದಿ ಬರುತ್ತಾರೆ. ಚಕ್ರ ತಿರುಗತದ, ತಿರುಗತದ, ರಾತ್ರಿ ಹನ್ನೆರಡಾಗತದ, ಪೇಜ್ ತೆರೆಯೋದಿಲ್ಲ. ಈ ಸಂಕಟ ಇಲ್ಲಿ ಕುಂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸರ್ವರ್ ಡೌನ್ ಅಂತ ಒಂದು ಮಾತಿನಾಗ ಮುಗಿಸ್ತಾರ. ಆ ಮಾತಿನ ಹಿಂದ ಒಬ್ಬಾಕಿ ಹುಡುಗಿಯ ಒಂದು ವರ್ಷದ ಓದು ಇರತದ.

ಇಂಥದ್ದು ಆಗದಂತೆ ಮೊದಲೇ ಯೋಚನೆ ಮಾಡುವುದು ಆರ್ಕಿಟೆಕ್ಟ್ ಕೆಲಸ. ಆತ ಅಥವಾ ಆಕೆ ನಾಲ್ಕು ಪ್ರಶ್ನೆ ಕೇಳುತ್ತಾರೆ.

ಒಂದನೇದು, ಮಂದಿ ಹೆಚ್ಚಾದರೆ ಹೇಗೆ? ರೇಷನ್ ಅಂಗಡಿಯಲ್ಲಿ ಗದ್ದಲ ಆದರೆ ಎರಡು ಪಾಳಿ ಮಾಡುತ್ತೇವಲ್ಲ, ಹಾಗೆ ಬರುವವರನ್ನು ಹಲವು ಸರ್ವರುಗಳಿಗೆ ಹಂಚುವ ವ್ಯವಸ್ಥೆಗೆ ಲೋಡ್ ಬ್ಯಾಲೆನ್ಸರ್ ಅನ್ನುತ್ತಾರೆ. ಗದ್ದಲ ಏರಿದಂತೆ ಸರ್ವರು ತಾನೇ ಹೆಚ್ಚಾಗಿ, ಇಳಿದಂತೆ ಕಡಿಮೆ ಆಗುವುದಕ್ಕೆ ಆಟೋ ಸ್ಕೇಲಿಂಗ್ ಅನ್ನುತ್ತಾರೆ.

ಎರಡನೇದು, ಒಂದು ಕಟ್ಟಡವೇ ಬಂದ್ ಬಿದ್ದರೆ? ಅದಕ್ಕೆ ಮಾಹಿತಿಯ ಪ್ರತಿಯನ್ನು ದೂರದ ಇನ್ನೊಂದು ಡೇಟಾ ಸೆಂಟರಿನಲ್ಲೂ ಇಡಬೇಕು. ಶೇಕಡಾ 99.9 ಹೊತ್ತು ನಡೆಯುತ್ತದೆ ಅಂದರೆ ವರ್ಷಕ್ಕೆ ಸುಮಾರು 8 ತಾಸು 45 ನಿಮಿಷ ಬಂದ್ ಇರಬಹುದು ಅಂತ ಅರ್ಥ. ಶೇಕಡಾ 99.99 ಅಂದರೆ ಸುಮಾರು 53 ನಿಮಿಷ. ಆ ಎಂಟೂಮುಕ್ಕಾಲು ತಾಸು ಅರ್ಜಿಯ ಕೊನೆಯ ದಿನವೇ ಬಂದರೆ?

ಮೂರನೇದು, ಒಳಗೆ ಯಾರನ್ನು ಬಿಡಬೇಕು? ಜಾತಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಖಾತೆ ಎಲ್ಲಾ ಅಲ್ಲಿರುತ್ತವೆ. ಯಾರು ಏನು ನೋಡಬಹುದು, ಏನು ತಿದ್ದಬಹುದು ಅಂತ ಪರವಾನಿಗಿ ಗೊತ್ತುಮಾಡಬೇಕು. ಕದ್ದವರಿಗೆ ಓದಲು ಬಾರದಂತೆ ಮಾಹಿತಿಯನ್ನು ಗುಪ್ತ ಲಿಪಿಯಲ್ಲಿಡಬೇಕು.

ನಾಲ್ಕನೇದು, ಖರ್ಚು ಎಷ್ಟು? ಒಂದು ದಿನದ ಗದ್ದಲಕ್ಕಾಗಿ ವರ್ಷಪೂರ್ತಿ ನೂರು ಸರ್ವರಿನ ಬಾಡಿಗೆ ಕಟ್ಟುವುದು ದಂಡ.

ಇವನ್ನೆಲ್ಲ ತೂಗಿ ನಕ್ಷೆ ಬರೆದು, ಪ್ರೋಗ್ರಾಂ ಬರೆಯುವವರಿಗೂ ರೊಕ್ಕ ಕೊಡುವವರಿಗೂ ತಿಳಿಯುವಂತೆ ಹೇಳಬೇಕು. ಹೇಳೋದು, ಬರೆಯೋದು, ಎದುರಿನವರ ಮಾತು ಕೇಳಿಸಿಕೊಳ್ಳೋದು ಈ ಕೆಲಸದಾಗ ಅರ್ಧ ಪಾಲು. ಬಿ.ಎ. ಓದಿದವರು ಇದನ್ನ ನೆನಪಿಡಬೇಕು.

ಈಗ ದಾರಿ. ಸ್ಪಷ್ಟ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆರ್ಕಿಟೆಕ್ಟ್ ಅನ್ನೋದು ಮೊದಲನೇ ನೌಕರಿ ಅಲ್ಲ. ಮೂರು ತಿಂಗಳದಾಗ ಆರ್ಕಿಟೆಕ್ಟ್ ಮಾಡ್ತೀವಿ, ನೌಕರಿ ಗ್ಯಾರಂಟಿ ಅಂತ ಯಾರಾದರೂ ಅಂದ್ರ ಅವ್ವನ ಬಂಗಾರ ಅಡವಿಡಬ್ಯಾಡ್ರಿ. ಇದು ಮೆಟ್ಟಿಲು ಮೆಟ್ಟಿಲಾಗಿ ಏರುವ ಕೆಲಸ, ಕೆಲವು ವರ್ಷ ಹಿಡಿಯುತ್ತದೆ.

ಮೊದಲ ಮೆಟ್ಟಿಲು ಬುನಾದಿ. ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಹೇಗೆ ಮಾತಾಡುತ್ತದೆ ಅನ್ನುವ ನೆಟ್‌ವರ್ಕಿಂಗ್, ಲಿನಕ್ಸ್, ಡೇಟಾಬೇಸಿಗೆ ಎಸ್‌ಕ್ಯೂಎಲ್, ಸ್ವಲ್ಪ ಪೈಥಾನ್. ಲಿನಕ್ಸ್, ಪೈಥಾನ್ ಎರಡೂ ಪುಕ್ಕಟೆ ಸಿಗುತ್ತವೆ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತವೆ. ಇದಕ್ಕೇ ಒಂದು ವರ್ಷ ಹೋದರೂ ಹೋಗಲಿ.

ಎರಡನೇದು ಕ್ಲೌಡ್ ಪಾಠ. ಮೈಕ್ರೋಸಾಫ್ಟ್ ಲರ್ನ್, ಅಮೆಜಾನ್‌ನ ಸ್ಕಿಲ್ ಬಿಲ್ಡರ್ ಎರಡರಲ್ಲೂ ಉಚಿತ ಪಾಠಗಳಿವೆ. ಎನ್‌ಪಿಟೆಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಪಾಠ ಪುಕ್ಕಟೆ ನೋಡಬಹುದು. ಅಭ್ಯಾಸಕ್ಕೆ ಉಚಿತ ಖಾತೆ ತೆರೆಯುವಾಗ ಎಚ್ಚರ ಇರಲಿ, ಅದಕ್ಕೂ ಮಿತಿ ಇದೆ. ಮೊದಲ ದಿನವೇ ಬಿಲ್ಲಿನ ಎಚ್ಚರಿಕೆ ಬರುವಂತೆ ಹಚ್ಚಿರಿ, ಕೆಲಸ ಮುಗಿದ ಕೂಡಲೇ ಸರ್ವರ್ ಬಂದ್ ಮಾಡಿರಿ.

ಮೂರನೇದು ಪರೀಕ್ಷೆ. ಅಮೆಜಾನ್‌ನ ಕ್ಲೌಡ್ ಪ್ರಾಕ್ಟಿಷನರ್ ಪರೀಕ್ಷೆ ಎಲ್ಲಕ್ಕಿಂತ ಸರಳ, ಫೀ 100 ಡಾಲರ್. ಅದರ ಮೇಲಿನದು ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್: 65 ಪ್ರಶ್ನೆ, 130 ನಿಮಿಷ, 1000ಕ್ಕೆ 720 ಅಂಕ ಬಂದರೆ ಪಾಸು, ಫೀ 150 ಡಾಲರ್. ಪ್ರಮಾಣಪತ್ರ 3 ವರ್ಷ ನಡೆಯುತ್ತದೆ. ಒಂದು ಪಾಸಾದರೆ ಮುಂದಿನ ಪರೀಕ್ಷೆಗೆ ಅರ್ಧ ಫೀ ರಿಯಾಯಿತಿ ಸಿಗುತ್ತದೆ. ಕನ್ನಡದಾಗ ಇಲ್ಲ, ಮರಾಠಿಯೊಳಗೂ ಇಲ್ಲ, ಇಂಗ್ಲಿಷಿನಲ್ಲೇ ಬರೆಯಬೇಕು. ಆದರೆ ಇಂಗ್ಲಿಷ್ ಮನೆಮಾತಲ್ಲದವರು ಹೆಸರು ಹಚ್ಚುವ ಮೊದಲೇ ಕೇಳಿಕೊಂಡರೆ 30 ನಿಮಿಷ ಹೆಚ್ಚು ಕೊಡುತ್ತಾರೆ. ಈ ಪರೀಕ್ಷೆಗೆ ಇಂಥದ್ದೇ ಡಿಗ್ರಿ ಬೇಕು ಅನ್ನುವ ನಿಯಮ ಇಲ್ಲ.

ನಾಲ್ಕನೇದು ಮೊದಲ ನೌಕರಿ. ಹೆಲ್ಪ್ ಡೆಸ್ಕ್, ಟೆಕ್ನಿಕಲ್ ಸಪೋರ್ಟ್, ಸರ್ವರ್ ನೋಡಿಕೊಳ್ಳುವ ಕೆಲಸ. ರಾತ್ರಿ ಪಾಳಿ ಇರಬಹುದು, ಪಗಾರ ಕಡಿಮೆ ಇರಬಹುದು. ಆದರೆ ಯಂತ್ರ ಹೇಗೆ ಕೆಡುತ್ತದೆ ಅಂತ ಅಲ್ಲೇ ತಿಳಿಯುತ್ತದೆ. ಕೆಡೋದು ನೋಡದವರು ನಕ್ಷೆ ಹಾಕಲಾರರು. ಅಲ್ಲಿಂದ ಕ್ಲೌಡ್ ಎಂಜಿನಿಯರ್, ಆಮೇಲೆ ಆರ್ಕಿಟೆಕ್ಟ್.

ಇನ್ನೊಂದು ಮಾತು ಮುಚ್ಚಿಡಬಾರದು. ಖಾಸಗಿ ಕಂಪನಿಯಲ್ಲಿ ಮೀಸಲಾತಿ ಇಲ್ಲ. ಪರೀಕ್ಷೆಯ ಕಂಪ್ಯೂಟರು ಅಡ್ಡಹೆಸರು ನೋಡಿ ಅಂಕ ಹಾಕೋದಿಲ್ಲ ಖರೆ, ಆದರೆ ಇಂಟರ್‌ವ್ಯೂ ಕೋಣೆಯಲ್ಲಿ ಕೂಡುವವರು ಮನುಷ್ಯರು. ಅವರ ಪೈಕಿ ನಮ್ಮವರು ಕಡಿಮೆ. ಬೇರೆಯವರಿಗೆ ಕಾಕಾ ಇರ್ತಾರ, ಮಾಮಾ ಇರ್ತಾರ, ಎಲ್ಲಿ ಜಾಗ ಖಾಲಿ ಅದ ಅಂತ ಫೋನ್ ಮಾಡಿ ಹೇಳ್ತಾರ. ನಮಗ ಆ ಕಾಕಾ ಈ ಸಂಘವೇ ಆಗಬೇಕು.

ಬಾಬಾಸಾಹೇಬರು 1942ರಿಂದ 1946ರ ತನಕ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಮಿಕರ ಕಾನೂನಿನ ಜೊತೆಗೆ ದೇಶದ ವಿದ್ಯುತ್ ಮತ್ತು ನದಿ ನೀರಿನ ಯೋಜನೆಗಳ ಕೆಲಸವನ್ನೂ ನೋಡಿದರು, ದಾಮೋದರ ಕಣಿವೆ ಯೋಜನೆ ಅದರಲ್ಲಿ ಒಂದು. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ ಕೈ, ಹದಿನೈದು ವರ್ಷದ ನಂತರ ದೇಶದ ನೀರಿನ ನಕ್ಷೆಯ ಮೇಲಿತ್ತು. ನೀರು ಕುಡಿಯೋ ಹಕ್ಕು ಎಷ್ಟು ದೊಡ್ಡದೋ, ನೀರು ಎಲ್ಲಿ ಹರೀಬೇಕು ಅಂತ ತೀರ್ಮಾನ ಮಾಡೋ ಜಾಗವೂ ಅಷ್ಟೇ ದೊಡ್ಡದು. ಇವತ್ತು ರೇಷನ್, ಸ್ಕಾಲರ್‌ಶಿಪ್, ಬ್ಯಾಂಕು, ದವಾಖಾನಿ ಎಲ್ಲಾ ಈ ಯಂತ್ರಗಳ ಮೂಲಕ ಹರಿಯುತ್ತಿದೆ. ನಾವು ಬರೀ ಮೊಬೈಲ್ ಒತ್ತುವವರಾಗಿ ಉಳಿದರೆ ಆ ಹರಿವಿನ ನಕ್ಷೆಯನ್ನು ಮತ್ತೆ ಇನ್ನೊಬ್ಬರೇ ಹಾಕುತ್ತಾರೆ.

ಹಾಗಂತ ಸಂಘದ ಮುಂದೆ ಮೂರು ಕೆಲಸ ಇಡುತ್ತೇನೆ. ವಾಚನಾಲಯದ ಕಂಪ್ಯೂಟರ್ ಮೇಲೆ ಪ್ರತಿ ರವಿವಾರ ಮುಂಜಾನೆ ಎರಡು ತಾಸು ಕೂಡಿ ಕಲಿಯೋಣ, ಹುಡುಗಿಯರಿಗೆ ಅರ್ಧ ಜಾಗ ಇರಲಿ. ಜಯಂತಿಯ ಡಿಜೆ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ತಯಾರಾದವರಲ್ಲಿ ವರ್ಷಕ್ಕೆ ಒಬ್ಬರ ಪರೀಕ್ಷೆ ಫೀ ಸಂಘವೇ ತುಂಬಲಿ. ಪುಣೆಗೆ ಮೊದಲು ಹೋದವರು ಹಿಂದಿನಿಂದ ಬರುವವರಿಗೆ ಒಂದು ತಿಂಗಳು ತಮ್ಮ ಖೋಲಿಯಲ್ಲಿ ಜಾಗ ಕೊಡಲಿ. ಪುಣೆಯ ಬಾರ್ಟಿ ಸಂಸ್ಥೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ತರಬೇತಿ ಯೋಜನೆಗಳನ್ನು ನಡೆಸುತ್ತದೆ. ಅದರ ಜಾಹೀರಾತು ನೋಡಿ ವಾಚನಾಲಯದ ಗೋಡೆಗೆ ಹಚ್ಚುವ ಜವಾಬ್ದಾರಿ ನಾನು ತಗೋತೀನಿ.

ತಾಯಂದಿರಿಗೆ ಒಂದು ಮಾತು. ಮಗಳು ಕಂಪ್ಯೂಟರ್ ಮುಂದ ಕುಂತ್ರ ಟೈಮ್‌ಪಾಸ್ ಮಾಡ್ತಾಳ ಅನ್ನಬ್ಯಾಡ್ರಿ. ಏನು ಕಲೀಲಿಕತ್ತೀ, ನನಗೂ ಹೇಳು ಅನ್ರಿ. ಅವ್ವಗ ತಿಳಿಯೋಹಂಗ ಹೇಳೋದು ಬಂದ್ರ, ನಾಳೆ ಸಾಹೇಬರ ಮುಂದೂ ಹೇಳೋದು ಬರತದ.

ಬರುವ ರವಿವಾರ ಮುಂಜಾನೆ ಹತ್ತಕ್ಕ ವಾಚನಾಲಯದಾಗ ಸೇರೋಣ. ಒಂದು ವಹಿ, ಒಂದು ಪೆನ್ನು ಸಾಕು.

ಜೈ ಭೀಮ್.